ಅಳೆಯುವ ಕೋಲೇ ಅಲುಗಿದರೆ?

2025ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಕಿಟ್ ಪೀಕ್ ಬೆಟ್ಟದಿಂದ ಬಂದ ಸುದ್ದಿ ಖಗೋಳ ವಿಜ್ಞಾನಿಗಳ ನಿದ್ದೆ ಕೆಡಿಸಿತು. ಅಲ್ಲಿನ ನಾಲ್ಕು ಮೀಟರ್ ಅಗಲದ ಮೇಯಾಲ್ ದೂರದರ್ಶಕಕ್ಕೆ ‘ಡೆಸಿ’ ಎಂಬ ಉಪಕರಣವನ್ನು ಜೋಡಿಸಿದ್ದಾರೆ. ಅದರಲ್ಲಿ ಐದು ಸಾವಿರ ಪುಟ್ಟ ರೋಬಾಟ್‌ಗಳಿವೆ. ಪ್ರತಿಯೊಂದೂ ಗಾಜಿನ ಎಳೆಯೊಂದನ್ನು ಹಿಡಿದು ತನಗೆ ಗೊತ್ತು ಮಾಡಿದ ಗ್ಯಾಲಕ್ಸಿಯ ಕಡೆ ತಿರುಗಿಸುತ್ತದೆ. ಎಳೆಯೊಳಗೆ ಇಳಿದ ಬೆಳಕು ಕೆಳಗಿನ ಕೋಣೆಯಲ್ಲಿ ಬಣ್ಣ ಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ಮೂರು ವರ್ಷ ಹೀಗೆ ಬೆಳಕು ಹಿಡಿದು 1.4 ಕೋಟಿಗೂ ಹೆಚ್ಚು ಗ್ಯಾಲಕ್ಸಿ, ಕ್ವೇಸಾರ್‌ಗಳ ನಕ್ಷೆ ಬರೆದರು. ವಿಶ್ವ ಯಾವ ಕಾಲದಲ್ಲಿ ಎಷ್ಟು ವೇಗವಾಗಿ ಹಿಗ್ಗಿತು ಎಂದು ಲೆಕ್ಕ ಹಾಕಿದರು. ಇತ್ತೀಚಿನ ಕೆಲವು ನೂರು ಕೋಟಿ ವರ್ಷಗಳಿಂದ ಡಾರ್ಕ್ ಎನರ್ಜಿ ಸೊರಗುತ್ತಿರಬಹುದು ಎಂಬ ಸುಳಿವು ಸಿಕ್ಕಿತು. ಸೊರಗುವುದಾದರೆ ಅದು ಸ್ಥಿರಾಂಕವಲ್ಲ.

ಡಾರ್ಕ್ ಎನರ್ಜಿಯ ಪೂರ್ವಕಥೆ ಅನೇಕರಿಗೆ ಗೊತ್ತಿರುವಂಥದ್ದೇ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ವಿಶ್ವ ತನ್ನ ಭಾರಕ್ಕೆ ತಾನೇ ಕುಸಿಯಬಾರದು ಎಂದು ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಕ್ಕೆ ಲ್ಯಾಮ್ಡಾ ಎಂಬ ಸ್ಥಿರಾಂಕವನ್ನು ಸೇರಿಸಿದರು. 1929ರಲ್ಲಿ ಎಡ್ವಿನ್ ಹಬಲ್ ಗ್ಯಾಲಕ್ಸಿಗಳು ದೂರ ಸರಿಯುವುದನ್ನು ತೋರಿಸಿದ ಮೇಲೆ ಅದನ್ನು ಕೈಬಿಟ್ಟರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳ ಬೆಳಕು ಅಳೆದು, ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ಚುರುಕಾಗುತ್ತಿದೆ ಎಂದಾಗ ಲ್ಯಾಮ್ಡಾ ಡಾರ್ಕ್ ಎನರ್ಜಿ ಎಂಬ ಹೆಸರಿನಲ್ಲಿ ಮರಳಿ ಬಂತು. ಸಾಲ್ ಪರ್ಲ್‌ಮಟರ್, ಬ್ರಯಾನ್ ಶ್ಮಿಟ್ ಮತ್ತು ಆ್ಯಡಂ ರೀಸ್ ಅವರಿಗೆ 2011ರ ನೊಬೆಲ್ ಬಂತು. ಇವತ್ತಿನ ಲೆಕ್ಕದಲ್ಲಿ ವಿಶ್ವದ ಒಟ್ಟು ದ್ರವ್ಯ–ಶಕ್ತಿಯಲ್ಲಿ ಶೇ 68ರಷ್ಟು ಈ ಡಾರ್ಕ್ ಎನರ್ಜಿಯೇ. ಆದರೂ ಅದು ತೀರಾ ತೆಳು: ಒಂದು ಘನ ಮೀಟರ್ ಖಾಲಿ ಜಾಗದಲ್ಲಿ ಮೂರ್ನಾಲ್ಕು ಹೈಡ್ರೋಜನ್ ಪರಮಾಣುಗಳ ತೂಕಕ್ಕೆ ಸಮನಾದಷ್ಟು ಶಕ್ತಿ, ಅಷ್ಟೇ. ಕ್ವಾಂಟಂ ಸಿದ್ಧಾಂತವನ್ನು ನೆಚ್ಚಿಕೊಂಡು ಶೂನ್ಯದ ಶಕ್ತಿ ಎಷ್ಟಿರಬೇಕೆಂದು ಲೆಕ್ಕ ಹಾಕಿದರೆ ಬರುವ ಉತ್ತರ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎಷ್ಟೋ ಎಂದರೆ, 1ರ ಪಕ್ಕ 120 ಸೊನ್ನೆ ಹಾಕಿದಷ್ಟು. ಭೌತವಿಜ್ಞಾನದ ಇತಿಹಾಸದಲ್ಲಿ ಇಷ್ಟು ದೊಡ್ಡ ಲೆಕ್ಕದ ಎಡವಟ್ಟು ಇನ್ನೊಂದಿಲ್ಲ.

ಡೆಸಿ ಸುದ್ದಿಯ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಹಿಂದೆ ಉಳಿಯಿತು. ಲ್ಯಾಮ್ಡಾ ಬದಲಾಗಿದೆಯೇ ಎಂದು ನೋಡಲು ನಾವು ಹಿಡಿದ ಅಳತೆಗೋಲು ಯಾವುದರಿಂದ ಮಾಡಿದ್ದು?

ಡೆಸಿಯ ಕೋಲು ವಿಶ್ವದ ಎಳೆತನದ್ದು. ಆಗ ಬೆಳಕು, ಎಲೆಕ್ಟ್ರಾನ್, ಪ್ರೋಟಾನ್‌ಗಳು ಒಂದೇ ಕುದಿಯಲ್ಲಿದ್ದವು. ಅದರೊಳಗೆ ಒತ್ತಡದ ಅಲೆಗಳು ಶಬ್ದದಂತೆ ಹರಡುತ್ತಿದ್ದವು. ಸುಮಾರು 3.8 ಲಕ್ಷ ವರ್ಷಕ್ಕೆ ವಿಶ್ವ ತಣಿದು ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳಿಗೆ ಅಂಟಿಕೊಂಡವು, ಬೆಳಕು ಬಿಡುಗಡೆಯಾಯಿತು, ಅಲೆಗಳು ಇದ್ದಲ್ಲೇ ನಿಂತವು. ಅವು ನಿಂತ ದೂರ ಇಂದಿನ ಅಳತೆಯಲ್ಲಿ ಸುಮಾರು 49 ಕೋಟಿ ಜ್ಯೋತಿರ್ವರ್ಷ. ಗ್ಯಾಲಕ್ಸಿಗಳ ನಕ್ಷೆಯಲ್ಲಿ ಆ ದೂರದ ಗುರುತು ಇಂದಿಗೂ ಇದೆ. ಆದರೆ ಎಲೆಕ್ಟ್ರಾನ್ ಯಾವ ತಾಪಮಾನದಲ್ಲಿ ಪ್ರೋಟಾನಿಗೆ ಅಂಟಬೇಕು ಎನ್ನುವುದನ್ನು ನಿರ್ಧರಿಸುವುದು ಎಲೆಕ್ಟ್ರಾನಿನ ತೂಕ ಮತ್ತು ವಿದ್ಯುತ್ ಬಲದ ತೀವ್ರತೆ. ಆಗ ಎಲೆಕ್ಟ್ರಾನ್ ಒಂಚೂರು ಭಾರವಾಗಿದ್ದಿದ್ದರೆ ಅಂಟುವ ಕೆಲಸ ಬೇಗ ಮುಗಿಯುತ್ತಿತ್ತು, ಕೋಲು ಗಿಡ್ಡವಾಗುತ್ತಿತ್ತು. ವಿಶ್ವದ ಹಿಗ್ಗುವಿಕೆಯ ವೇಗ ಒಂದು ವಿಧಾನದಲ್ಲಿ 67, ಇನ್ನೊಂದರಲ್ಲಿ 73 ಎಂದು ಬರುವ ಜಗಳಕ್ಕೆ ಕೆಲವರು ಇದೇ ಭಾರದ ಎಲೆಕ್ಟ್ರಾನನ್ನು ಮದ್ದಾಗಿ ಸೂಚಿಸಿದ್ದಾರೆ.

ಸೂಪರ್‌ನೋವಾದ ಕಥೆಯೂ ಅಷ್ಟೇ. 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹತ್ತೊಂಬತ್ತರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಶ್ವೇತಕುಬ್ಜ ನಕ್ಷತ್ರಕ್ಕೆ ಒಂದು ತೂಕದ ಮಿತಿ ಇದೆ ಎಂದು ಕಂಡುಕೊಂಡರು. ಸೂರ್ಯನ 1.4 ಪಟ್ಟು ತೂಕದ ಆ ಮಿತಿಯ ಸಮೀಪದಲ್ಲಿ ಸಿಡಿಯುವ ನಕ್ಷತ್ರಗಳ ಪ್ರಕಾಶ ಹೆಚ್ಚೂಕಡಿಮೆ ಒಂದೇ ಎಂಬ ನಂಬಿಕೆಯ ಮೇಲೆ 1998ರ ಶೋಧ ನಿಂತಿದೆ. ಆ ಮಿತಿಯನ್ನು ಹೇಳುವ ಸೂತ್ರದೊಳಗೆ ಗುರುತ್ವದ ಸ್ಥಿರಾಂಕ ಕುಳಿತಿದೆ. ಅಂದು ಗುರುತ್ವ ಬಲವಾಗಿದ್ದರೆ ನಕ್ಷತ್ರ ಕಡಿಮೆ ತೂಕಕ್ಕೇ ಸಿಡಿಯುತ್ತಿತ್ತು. ನಾವು ಅದರ ಬೆಳಕಿನಿಂದ ದೂರವನ್ನು ತಪ್ಪಾಗಿ ಓದಿ, ಆ ತಪ್ಪಿಗೆ ಡಾರ್ಕ್ ಎನರ್ಜಿ ಎಂದು ಹೆಸರಿಡುತ್ತಿದ್ದೆವು.

ಅಂದರೆ ಒಂದು ಸ್ಥಿರಾಂಕ ಅಲುಗಿತು ಎನ್ನುವವರು ಉಳಿದವು ಅಲುಗಿಲ್ಲ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಹಾಗೆ ಒಪ್ಪಲು ಅವರಿಗೆ ಹಕ್ಕಿದೆಯೇ? ಇದೆ ಎನ್ನುವುದು ನನ್ನ ವಾದ. ಆ ಹಕ್ಕು ಪುಕ್ಕಟೆ ಬಂದದ್ದಲ್ಲ. ಎಂಬತ್ತು ವರ್ಷಗಳಿಂದ, ‘ಏನೂ ಬದಲಾಗಿಲ್ಲ’ ಎಂಬ ನೀರಸ ಫಲಿತಾಂಶಗಳನ್ನು ಒಂದೊಂದಾಗಿ ಕೂಡಿಹಾಕಿದವರ ಗಳಿಕೆ ಅದು. ಪತ್ರಿಕೆಗಳ ಮುಖಪುಟಕ್ಕೆ ಅವು ಬರುವುದಿಲ್ಲ, ಬಿಡಿ.

ಮೊದಲು ಯಾವ ಸ್ಥಿರಾಂಕ ಬದಲಾದರೆ ನಮಗೆ ಗೊತ್ತಾದೀತು ಎನ್ನುವುದನ್ನು ನೋಡಬೇಕು. ಅಕ್ಕಿ ಅಳೆಯುವ ಸೇರು ರಾತ್ರೋರಾತ್ರಿ ಅರ್ಧಕ್ಕೆ ಕುಗ್ಗಿತು, ಅಕ್ಕಿ ಕಾಳೂ ಅದೇ ಪ್ರಮಾಣದಲ್ಲಿ ಕುಗ್ಗಿತು ಎಂದಿಟ್ಟುಕೊಳ್ಳಿ. ಸೇರಿಗೆ ಎಷ್ಟು ಕಾಳು ಎಂದು ಎಣಿಸಿದರೆ ನಿನ್ನೆಯ ಲೆಕ್ಕವೇ ಬರುತ್ತದೆ. ಕಾಳಿನ ಎಣಿಕೆ ಬದಲಾದರೆ ಮಾತ್ರ ಏನೋ ಆಗಿದೆ ಎಂದು ತಿಳಿಯುತ್ತದೆ. ಬೆಳಕಿನ ವೇಗ ಬದಲಾಗಿದೆಯೇ ಎಂಬ ಪ್ರಶ್ನೆಯ ತೊಡಕು ಇದೇ. 1983ರಿಂದ ಮೀಟರ್ ಎಂದರೆ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರ. ಬೆಳಕಿನಿಂದಲೇ ಮಾಡಿದ ಮೀಟರ್ ಹಿಡಿದು ಬೆಳಕಿನ ವೇಗ ಬದಲಾಯಿತೇ ಎಂದು ಕೇಳುವುದು ವ್ಯರ್ಥ. ಹಾಗಾಗಿ ಬಲ್ಲವರು ಮೀಟರ್, ಕಿಲೋಗ್ರಾಂಗಳ ಹಂಗಿಲ್ಲದ ಬರೀ ಸಂಖ್ಯೆಗಳನ್ನು ಹುಡುಕುತ್ತಾರೆ. ಅವುಗಳಲ್ಲಿ ಹೆಸರಾದದ್ದು ಆಲ್ಫಾ. ಎಲೆಕ್ಟ್ರಾನಿನ ವಿದ್ಯುದಂಶ, ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ ಇವನ್ನು ಕೂಡಿಸಿದಾಗ ಮಾನಗಳೆಲ್ಲ ಹೊಡೆದುಹೋಗಿ ಉಳಿಯುವ ಸಂಖ್ಯೆ ಅದು: 137.036ರಲ್ಲಿ ಒಂದು. ವಿದ್ಯುತ್ ಬಲ ಎಷ್ಟು ಗಟ್ಟಿ ಎನ್ನುವುದಕ್ಕೆ ಇದೇ ಅಳತೆ. 1916ರಲ್ಲಿ ಆರ್ನಾಲ್ಡ್ ಸೋಮರ್‌ಫೆಲ್ಡ್ ಇದನ್ನು ಗುರುತಿಸಿದ ದಿನದಿಂದ ಇಂದಿನವರೆಗೆ, ಅದು ಯಾಕೆ 137, ಯಾಕೆ 150 ಅಲ್ಲ ಎಂದು ಯಾರಿಗೂ ಹೇಳಲು ಆಗಿಲ್ಲ. ಯಾಕೆ ಎಂದು ಗೊತ್ತಿಲ್ಲದ ಮೇಲೆ, ಅದು ಯಾವಾಗಲೂ ಹಾಗೇ ಇತ್ತು ಎಂದು ಹೇಗೆ ಹೇಳುವುದು?

ಈ ಅನುಮಾನವನ್ನು ಗಂಭೀರವಾಗಿ ಎತ್ತಿದವರು ಪಾಲ್ ಡಿರಾಕ್, 1937ರಲ್ಲಿ. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ನಡುವಿನ ವಿದ್ಯುತ್ ಸೆಳೆತ ಅವುಗಳ ಗುರುತ್ವದ ಸೆಳೆತಕ್ಕಿಂತ 1ರ ಪಕ್ಕ 39 ಸೊನ್ನೆ ಹಾಕಿದಷ್ಟು ಪಟ್ಟು ಹೆಚ್ಚು. ವಿಶ್ವದ ವಯಸ್ಸನ್ನು ಪರಮಾಣುವಿನ ಕಾಲಮಾನದಲ್ಲಿ ಎಣಿಸಿದರೂ ಅಷ್ಟೇ ಸೊನ್ನೆಗಳು. ಇದು ಕಾಕತಾಳೀಯವಲ್ಲ, ವಯಸ್ಸು ಏರಿದಂತೆ ಗುರುತ್ವ ಇಳಿಯುತ್ತಿರಬೇಕು ಎಂದರು ಡಿರಾಕ್. ಆಗಷ್ಟೇ ಅವರ ಮದುವೆಯಾಗಿತ್ತು. ಮದುವೆಯಾದವರ ಗತಿ ನೋಡಿ ಎಂದು ನೀಲ್ಸ್ ಬೋರ್ ಗೇಲಿ ಮಾಡಿದರಂತೆ. ಗೇಲಿಗಿಂತ ಪೆಟ್ಟು ಕೊಟ್ಟದ್ದು 1948ರಲ್ಲಿ ಎಡ್ವರ್ಡ್ ಟೆಲ್ಲರ್ ಮಾಡಿದ ಸರಳ ಲೆಕ್ಕ. ಸೂರ್ಯನ ಪ್ರಕಾಶ ಗುರುತ್ವ ಸ್ಥಿರಾಂಕದ ಏಳನೇ ಘಾತದಷ್ಟು ಏರುತ್ತದೆ. ಗುರುತ್ವ ಹೆಚ್ಚಿದ್ದಾಗ ಭೂಮಿಯೂ ಸೂರ್ಯನ ಹತ್ತಿರ ಇರಬೇಕಿತ್ತು. ಡಿರಾಕ್ ಮಾತು ನಿಜವಾದರೆ, ಜೀವಿಗಳು ಸಮುದ್ರದಲ್ಲಿ ಈಜಾಡಿಕೊಂಡಿದ್ದ ಕಾಲಕ್ಕೆ ಅದೇ ಸಮುದ್ರ ಕುದಿಯುವ ಮಟ್ಟದಲ್ಲಿ ಇರಬೇಕು. ಪಳೆಯುಳಿಕೆಗಳು ಬೇರೆಯೇ ಹೇಳುತ್ತವೆ.

ಆದರೂ ಆಸೆ ಬತ್ತಲಿಲ್ಲ. ಫ್ರೆಡ್ ಹಾಯ್ಲ್ ಮತ್ತು ನಮ್ಮ ಜಯಂತ ನಾರಳೀಕರ್ ಕಟ್ಟಿದ ಗುರುತ್ವ ಸಿದ್ಧಾಂತದಲ್ಲೂ ಆ ಸ್ಥಿರಾಂಕ ಕಾಲದೊಂದಿಗೆ ಕುಗ್ಗಲು ಅವಕಾಶವಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಚಂದ್ರನಿಂದ. ಅಪೊಲೊ ಯಾತ್ರಿಗಳು 1969ರಿಂದ ಅಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಭೂಮಿಯಿಂದ ಲೇಸರ್ ಬಿಟ್ಟು, ಅದು ಮರಳುವ ಹೊತ್ತನ್ನು ಇಂದಿಗೂ ಅಳೆಯುತ್ತಾರೆ. ಡಿರಾಕ್ ಬಯಸಿದ್ದು ವರ್ಷಕ್ಕೆ ಸಾವಿರ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸಿನ ಇಳಿಕೆ. ಚಂದ್ರನ ಲೆಕ್ಕ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟನ್ನೂ ಬಿಟ್ಟುಕೊಡುತ್ತಿಲ್ಲ.

ಆಲ್ಫಾದ ವಿಷಯಕ್ಕೆ ಸಾಕ್ಷಿ ಸಿಕ್ಕಿದ್ದು ಇನ್ನೂ ವಿಚಿತ್ರವಾದ ಜಾಗದಲ್ಲಿ. 1972ರಲ್ಲಿ ದಕ್ಷಿಣ ಫ್ರಾನ್ಸಿನ ಪಿಯರ್‌ಲಾಟ್ ಎಂಬಲ್ಲಿನ ಯುರೇನಿಯಂ ಘಟಕದಲ್ಲಿ ಮಾಮೂಲು ತಪಾಸಣೆ ನಡೆದಿತ್ತು. ಭೂಮಿಯ ಯಾವ ಗಣಿಯಿಂದ ತಂದರೂ ಯುರೇನಿಯಂನಲ್ಲಿ ಯುರೇನಿಯಂ-235 ಎಂಬ ಬಗೆಯ ಪಾಲು ಶೇ 0.7202. ಆ ದಿನ ಬಂದದ್ದು 0.7171. ಇಂಥ ಕಡೆ ದಶಮಾಂಶದ ಮೂರನೇ ಅಂಕಿ ತಪ್ಪಿದರೂ ಹುಡುಗಾಟವಲ್ಲ. ಅಣುಬಾಂಬಿಗೆ ಬೇಕಾಗುವ ಸರಕು ಕಾಣೆಯಾಗಿದೆ ಎಂದೇ ಅರ್ಥ. ಮೂಲ ಹುಡುಕುತ್ತ ಹೋದರೆ ಅದಿರು ಬಂದದ್ದು ಆಫ್ರಿಕಾದ ಗಬಾನ್ ದೇಶದ ಓಕ್ಲೊ ಗಣಿಯಿಂದ. ಅಲ್ಲಿಯ ಕೆಲವು ಮಾದರಿಗಳಲ್ಲಿ 235ರ ಪಾಲು ಶೇ 0.44ಕ್ಕೆ ಇಳಿದಿತ್ತು. ಕದ್ದವರು ಯಾರೂ ಇರಲಿಲ್ಲ. ಸುಮಾರು 200 ಕೋಟಿ ವರ್ಷಗಳ ಹಿಂದೆ ಆ ಬಂಡೆಯೇ ರಿಯಾಕ್ಟರ್ ಆಗಿ ಉರಿದಿತ್ತು.

ನಮ್ಮ ಕೈಗಾದ ರಿಯಾಕ್ಟರ್‌ಗಳು ಇದೇ ಶೇ 0.7ರ ನೈಸರ್ಗಿಕ ಯುರೇನಿಯಂ ಉರಿಸುತ್ತವೆ, ಆದರೆ ಅದಕ್ಕೆ ಭಾರಜಲ ಬೇಕು. ಸಾಮಾನ್ಯ ನೀರಾದರೆ 235ರ ಪಾಲು ಶೇ 3ರ ಸುಮಾರಿಗಾದರೂ ಇರಬೇಕು. 235 ಬೇಗ ಸವೆಯುವ ಜಾತಿ, 70 ಕೋಟಿ ವರ್ಷಕ್ಕೆ ಅರ್ಧವಾಗುತ್ತದೆ. ಹಿಂದಕ್ಕೆ ಎಣಿಸಿದರೆ ಓಕ್ಲೊ ಕಾಲದಲ್ಲಿ ಅದು ಶೇ 3ಕ್ಕೂ ಹೆಚ್ಚು. ಬಂಡೆಯ ಸಂದಿಗೆ ಅಂತರ್ಜಲ ಇಳಿದಾಗ ಸರಪಳಿ ಕ್ರಿಯೆ ಹತ್ತಿಕೊಳ್ಳುತ್ತಿತ್ತು. ಕಾವು ಏರಿ ನೀರು ಆವಿಯಾದಾಗ ನಂದುತ್ತಿತ್ತು. ತಣಿದು ನೀರು ಮರಳಿದಾಗ ಮತ್ತೆ ಹತ್ತುತ್ತಿತ್ತು. ಬಂಡೆಯಲ್ಲಿ ಸಿಕ್ಕಿಬಿದ್ದ ಝೆನಾನ್ ಅನಿಲವನ್ನು ಓದಿದವರು ಅರ್ಧ ಗಂಟೆ ಉರಿ, ಎರಡೂವರೆ ಗಂಟೆ ಬಿಡುವು ಎಂದು ಅದರ ದಿನಚರಿಯನ್ನೂ ಬರೆದಿದ್ದಾರೆ. ಲಕ್ಷಾಂತರ ವರ್ಷ ಹೀಗೇ ನಡೆದಿದೆ, ಯಾವ ಎಂಜಿನಿಯರ್‌ನ ಉಸ್ತುವಾರಿಯೂ ಇಲ್ಲದೆ.

1976ರಲ್ಲಿ ಲೆನಿನ್‌ಗ್ರಾಡ್‌ನ ಅಲೆಕ್ಸಾಂಡರ್ ಶ್ಲಿಯಾಖ್ಟರ್ ಈ ಬೂದಿಯಲ್ಲಿ ಬೇರೆಯದೇ ಸಂಗತಿ ಕಂಡರು. ರಿಯಾಕ್ಟರ್‌ಗಳಲ್ಲಿ ಸಮೇರಿಯಂ-149 ಎಂಬ ಐಸೋಟೋಪ್ ನ್ಯೂಟ್ರಾನ್‌ಗಳನ್ನು ಗಬಗಬ ನುಂಗುತ್ತದೆ. ಆ ಹಸಿವಿಗೆ ಕಾರಣ ಒಂದು ಅಪರೂಪದ ಹೊಂದಾಣಿಕೆ: ನ್ಯೂಟ್ರಾನಿನ ಶಕ್ತಿ 0.0973 ಎಲೆಕ್ಟ್ರಾನ್ ವೋಲ್ಟ್ ಸುತ್ತಮುತ್ತ ಇದ್ದರೆ ಬೀಜಕಣದ ಬಾಗಿಲು ಹಾರು ಹೊಡೆಯುತ್ತದೆ. ಬೀಜಕಣದೊಳಗಿನ ಶಕ್ತಿಗಳೆಲ್ಲ ಲಕ್ಷ, ದಶಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳ ಲೆಕ್ಕದವು. ಅಷ್ಟು ದೊಡ್ಡ ಸಂಖ್ಯೆಗಳು ಒಂದನ್ನೊಂದು ಕಳೆದು ಉಳಿದ ಚೂರು ಈ 0.0973. ಹಾಗಾಗಿ ಆಲ್ಫಾ ಕೂದಲೆಳೆಯಷ್ಟು ಬೇರೆಯಾಗಿದ್ದರೂ ಬಾಗಿಲು ಬೇರೆಡೆ ಸರಿದು, ಸಮೇರಿಯಂನ ಹಸಿವು ಇಂಗಿ, ಅದು ಬಂಡೆಯಲ್ಲಿ ಹಾಗೇ ಉಳಿಯಬೇಕಿತ್ತು. ಉಳಿದಿಲ್ಲ. ಸಾಮಾನ್ಯ ಸಮೇರಿಯಂನಲ್ಲಿ 147ಕ್ಕೆ ಹೋಲಿಸಿದರೆ 149ರ ಪ್ರಮಾಣ 0.9, ಓಕ್ಲೊದಲ್ಲಿ 0.02. ನುಂಗುವ ಕೆಲಸ ಇಂದಿನ ಹಾಗೆಯೇ ನಡೆದಿದೆ. 1996ರಲ್ಲಿ ಟಿಬೋ ಡಾಮೂರ್ ಮತ್ತು ಫ್ರೀಮನ್ ಡೈಸನ್ ಮತ್ತೆ ಲೆಕ್ಕ ಹಾಕಿ, 200 ಕೋಟಿ ವರ್ಷಗಳಲ್ಲಿ ಆಲ್ಫಾ ಕೋಟಿಗೆ ಒಂದು ಪಾಲಿಗಿಂತ ಹೆಚ್ಚು ಅಲುಗಿಲ್ಲ ಎಂದರು. ನನಗೆ ಇಡೀ ಖಗೋಳ ವಿಜ್ಞಾನದಲ್ಲಿ ಇಷ್ಟು ಇಷ್ಟವಾದ ತರ್ಕ ಇನ್ನೊಂದಿಲ್ಲ. ಆಕಾಶದ ಪ್ರಶ್ನೆಗೆ ಗಣಿಯ ಮಣ್ಣಿನಲ್ಲಿ ಉತ್ತರ.

ಹಾಗಿದ್ದೂ ಓಕ್ಲೊ ವಿಶ್ವದ ಆಯುಷ್ಯದ ಏಳನೇ ಒಂದು ಭಾಗಕ್ಕಷ್ಟೇ ಸಾಕ್ಷಿ. ಅದಕ್ಕಿಂತ ಹಿಂದೆ?

1999ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ವೆಬ್ (ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕಕ್ಕೂ ಇವರಿಗೂ ನಂಟಿಲ್ಲ) ಮತ್ತು ಸಂಗಡಿಗರು ಬಾಂಬ್ ಹಾಕಿದರು. ಬಲು ದೂರದ ಕ್ವೇಸಾರ್‌ನ ಬೆಳಕು ನಮ್ಮತ್ತ ಬರುವಾಗ ನಡುವಿನ ಅನಿಲ ಮೋಡಗಳನ್ನು ದಾಟುತ್ತದೆ. ಮೋಡದಲ್ಲಿರುವ ಮೆಗ್ನೀಸಿಯಂ, ಕಬ್ಬಿಣ ತಮಗೆ ಬೇಕಾದ ಬಣ್ಣಗಳನ್ನು ಹೀರಿಕೊಂಡು ರೋಹಿತದಲ್ಲಿ ಕಪ್ಪು ಗೆರೆ ಉಳಿಸುತ್ತವೆ. ಆಲ್ಫಾ ಬದಲಾದರೆ ಮೆಗ್ನೀಸಿಯಂನ ಗೆರೆ ಹೆಚ್ಚೇನೂ ಕದಲುವುದಿಲ್ಲ, ಕಬ್ಬಿಣದ್ದು ಕದಲುತ್ತದೆ. ಎರಡರ ನಡುವಿನ ಅಂತರ ಅಳೆದರೆ ಸಾಕು, ಮೋಡ ಎಷ್ಟು ದೂರದಲ್ಲಿದೆ ಎಂಬ ಗೊಡವೆಯೇ ಬೇಡ. ಹವಾಯಿಯ ಕೆಕ್ ದೂರದರ್ಶಕದಲ್ಲಿ ಹೀಗೆ ಅಳೆದ ವೆಬ್ ತಂಡ, ಹಿಂದೊಮ್ಮೆ ಆಲ್ಫಾ ಇಂದಿಗಿಂತ ಲಕ್ಷಕ್ಕೆ ಅರ್ಧ ಪಾಲಿನಷ್ಟು ಕಡಿಮೆ ಇತ್ತು ಎಂದಿತು.

2004ರಲ್ಲಿ ಪುಣೆಯ ಐಯುಕಾದ ರಘುನಾಥನ್ ಶ್ರೀಆನಂದ್ ಮತ್ತು ಹಮ್ ಚಂದ್, ಫ್ರಾನ್ಸಿನ ಪ್ಯಾಟ್ರಿಕ್ ಪೆಟಿಜಾನ್ ಜತೆ ಸೇರಿ ಚಿಲಿಯ ವಿಎಲ್‌ಟಿ ದೂರದರ್ಶಕದ ದತ್ತಾಂಶ ಹಿಡಿದು ಅದೇ ಪ್ರಶ್ನೆ ಕೇಳಿದರು. ಉತ್ತರ: ಬದಲಾವಣೆ ಇಲ್ಲ. ವೆಬ್ ತಂಡ ಅವರ ವಿಶ್ಲೇಷಣೆಯಲ್ಲಿ ಲೋಪ ಹುಡುಕಿತು, ಇವರು ಸಮರ್ಥಿಸಿಕೊಂಡರು, ಕೆಲವು ವರ್ಷ ಜಟಾಪಟಿ ನಡೆಯಿತು. 2010ರಲ್ಲಿ ವೆಬ್ ತಂಡ ತಾನೇ ವಿಎಲ್‌ಟಿ ದತ್ತಾಂಶ ಕೈಗೆತ್ತಿಕೊಂಡಾಗ ಕಥೆಗೆ ಹೊಸ ತಿರುವು: ಉತ್ತರದ ಆಕಾಶದಲ್ಲಿ ಆಲ್ಫಾ ಕಡಿಮೆ, ದಕ್ಷಿಣದಲ್ಲಿ ಹೆಚ್ಚು! ವಿಶ್ವಕ್ಕೇ ಒಂದು ದಿಕ್ಕಿದೆ ಎಂಬಂತಿತ್ತು. ಆದರೆ ಉತ್ತರ ನೋಡಿದ್ದು ಬಹುತೇಕ ಕೆಕ್, ದಕ್ಷಿಣ ನೋಡಿದ್ದು ವಿಎಲ್‌ಟಿ. ದಿಕ್ಕು ಆಕಾಶದ್ದೋ ಉಪಕರಣದ್ದೋ?

ಇದನ್ನು ಬಗೆಹರಿಸಿದವರಲ್ಲಿ ಒಬ್ಬರು ವೆಬ್ ತಂಡದಲ್ಲೇ ಪಳಗಿದ ಮೈಕೆಲ್ ಮರ್ಫಿ. ಜೊನಾಥನ್ ವಿಟ್ಮೋರ್ ಜತೆ ಅವರು ಮಾಡಿದ್ದು ಇಷ್ಟೇ: ಕ್ಷುದ್ರಗ್ರಹಗಳಿಂದ ಪ್ರತಿಫಲಿಸಿದ ಬಿಸಿಲನ್ನೂ ಸೂರ್ಯನಂಥ ನಕ್ಷತ್ರಗಳ ಬೆಳಕನ್ನೂ ಅದೇ ಉಪಕರಣಗಳಲ್ಲಿ ಹಾಯಿಸಿದರು. ಬಿಸಿಲಿನ ಗೆರೆಗಳು ಎಲ್ಲಿರಬೇಕೆಂದು ಮೊದಲೇ ಗೊತ್ತು. ಎರಡೂ ಉಪಕರಣಗಳು ತರಂಗಾಂತರವನ್ನು ಒಂದಿಷ್ಟು ಎಳೆದು ತೋರಿಸುತ್ತಿದ್ದವು. 2015ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ವಿಎಲ್‌ಟಿಯಲ್ಲಿ ಕಂಡ ಬದಲಾವಣೆಯನ್ನು ವಿವರಿಸಲು ಆ ಎಳೆತವೇ ಬಹುಮಟ್ಟಿಗೆ ಸಾಕಾಗಿತ್ತು, ಕೆಕ್‌ನದ್ದನ್ನೂ ಒಂದಷ್ಟು ಮಟ್ಟಿಗೆ ಅದು ವಿವರಿಸುತ್ತಿತ್ತು. ಈಗ ವಿಎಲ್‌ಟಿಗೆ ‘ಎಸ್ಪ್ರೆಸ್ಸೊ’ ಎಂಬ ಹೊಸ ಉಪಕರಣ ಬಂದಿದೆ, ಅದರ ಗೆರೆಗಳನ್ನು ಲೇಸರ್‌ನಿಂದಲೇ ತಾಳೆ ನೋಡಬಹುದು. 2022ರಲ್ಲಿ ಒಂದು ಪ್ರಕಾಶಮಾನ ಕ್ವೇಸಾರ್‌ನತ್ತ ಅದನ್ನು ತಿರುಗಿಸಿದಾಗ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನ ನಿಖರತೆಯಲ್ಲೂ ಆಲ್ಫಾ ಕದಲಿಲ್ಲ.

ಪ್ರಯೋಗಾಲಯದ ಮೇಜಿನ ಮೇಲೂ ಇದೇ ಮೊಂಡುತನ. ಜರ್ಮನಿಯ ಬ್ರಾನ್‌ಶ್ವೈಗ್‌ನಲ್ಲಿ ಒಂದೇ ಒಂದು ಇಟರ್ಬಿಯಂ ಅಯಾನನ್ನು ಹಿಡಿದಿಟ್ಟು, ಅದರ ಎರಡು ಬೇರೆ ಬೇರೆ ಕಂಪನಗಳನ್ನು ವರ್ಷಗಟ್ಟಲೆ ಹೋಲಿಸಿದರು. 2021ರ ಫಲಿತಾಂಶದ ಪ್ರಕಾರ ಆಲ್ಫಾದ ವಾರ್ಷಿಕ ಬದಲಾವಣೆ, ಇದ್ದರೂ, 1ರ ಪಕ್ಕ 18 ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಒಂದೆರಡು ಪಾಲಿನ ಒಳಗೆ.

ಈಗ ಡಾರ್ಕ್ ಎನರ್ಜಿಗೆ ಮರಳೋಣ. ಅದು ಬದಲಾಗುತ್ತಿದೆ ಎಂದಾದರೆ ಬದಲಾಯಿಸುವ ವಸ್ತು ಒಂದು ಇರಬೇಕು. 1988ರಲ್ಲಿ ಭರತ್ ರಾತ್ರಾ ಮತ್ತು ಜೇಮ್ಸ್ ಪೀಬಲ್ಸ್, ಪ್ರತ್ಯೇಕವಾಗಿ ಕ್ರಿಸ್ಟೊಫ್ ವೆಟ್ಟರಿಕ್, ವಿಶ್ವವನ್ನೆಲ್ಲ ತುಂಬಿಕೊಂಡು ಮೆಲ್ಲಗೆ ಇಳಿಯುವ ಒಂದು ಕ್ಷೇತ್ರವನ್ನು ಊಹಿಸಿದ್ದರು. ಅದೂ ಸೂಪರ್‌ನೋವಾ ಸಾಕ್ಷ್ಯ ಸಿಗುವ ಹತ್ತು ವರ್ಷ ಮೊದಲೇ. ಅಂಥ ಕ್ಷೇತ್ರ ಇದ್ದರೆ ಅದು ಉಳಿದ ದ್ರವ್ಯದ ಜತೆ ಮಾತೇ ಆಡದೆ ಇರುವುದು ಅಸಹಜ ಎಂದು 1998ರಲ್ಲಿ ಶಾನ್ ಕ್ಯಾರಲ್ ವಾದಿಸಿದರು. ಕ್ಷೇತ್ರ ಇಳಿಯುತ್ತಿದ್ದಂತೆ ಆಲ್ಫಾವನ್ನೂ ಜತೆಗೆ ಎಳೆಯಬೇಕು. ಎಳೆದರೆ ಇನ್ನೊಂದು ಪರಿಣಾಮವೂ ಇದೆ. ಬೀಜಕಣದ ತೂಕದಲ್ಲಿ ವಿದ್ಯುತ್ ಶಕ್ತಿಯ ಪಾಲು ಧಾತುವಿನಿಂದ ಧಾತುವಿಗೆ ಬೇರೆ. ಹಾಗಾಗಿ ಬೇರೆ ಬೇರೆ ಲೋಹಗಳು ಬೇರೆ ಬೇರೆ ವೇಗದಲ್ಲಿ ಬೀಳಬೇಕು. ಫ್ರಾನ್ಸಿನ ‘ಮೈಕ್ರೊಸ್ಕೋಪ್’ ಉಪಗ್ರಹ ಟೈಟಾನಿಯಂ, ಪ್ಲಾಟಿನಂ ಮಿಶ್ರಲೋಹಗಳನ್ನು ಕಕ್ಷೆಯಲ್ಲಿ ಬೀಳಲು ಬಿಟ್ಟು ನೋಡಿತು. 2022ರ ಅಂತಿಮ ವರದಿಯಂತೆ 1ರ ಪಕ್ಕ 15 ಸೊನ್ನೆ ಹಾಕಿದ ಸಂಖ್ಯೆಯಲ್ಲಿ ಕೆಲವೇ ಪಾಲಿನ ಸೂಕ್ಷ್ಮತೆಯಲ್ಲೂ ಎರಡೂ ಒಟ್ಟಿಗೇ ಬಿದ್ದವು.

ಹೀಗಾಗಿ ಡೆಸಿ ಹೇಳುತ್ತಿರುವುದು ನಿಜವಾದರೆ ನಮಗೆ ಸಿಗುವುದು ಬಲು ಬಿಗುಮಾನದ ಕ್ಷೇತ್ರ: ವಿಶ್ವದ ಹಿಗ್ಗುವಿಕೆಯನ್ನು ಆಳುತ್ತದೆ, ಒಂದು ಎಲೆಕ್ಟ್ರಾನನ್ನೂ ಮುಟ್ಟುವುದಿಲ್ಲ. ಅದನ್ನು ಹಾಗೆ ಕಟ್ಟಿಹಾಕುವ ಸಮ್ಮಿತಿ ಯಾವುದಾದರೂ ಇರಬಹುದೆಂದು ಕ್ಯಾರಲ್ ಅಂದೇ ಹೇಳಿದ್ದರು. ಇನ್ನೊಂದು ಕಿರಿಕಿರಿ ಇದೆ. ದತ್ತಾಂಶವನ್ನು ಅಕ್ಷರಶಃ ನಂಬಿದರೆ ಡಾರ್ಕ್ ಎನರ್ಜಿ ಮೊದಲು ಏರಿ ಆಮೇಲೆ ಇಳಿದಿದೆ. ಬರೀ ಇಳಿಯಲು ಬಲ್ಲ ಸರಳ ಕ್ಷೇತ್ರಕ್ಕೆ ಆ ಏರಿಕೆ ಸಾಧ್ಯವೇ ಇಲ್ಲ.

ಡೆಸಿ ಸಂಖ್ಯೆಗಳನ್ನು ಸೂಪರ್‌ನೋವಾಗಳ ಯಾವ ಪಟ್ಟಿಯ ಜತೆ ಸೇರಿಸಿದಿರಿ ಎನ್ನುವುದರ ಮೇಲೆ ಸುಳಿವಿನ ಬಲ 2.8 ಸಿಗ್ಮಾದಿಂದ 4.2 ಸಿಗ್ಮಾದವರೆಗೆ ತೂಗುತ್ತದೆ. ಮೊದಲನೆಯದೆಂದರೆ ಸುಮಾರು ಇನ್ನೂರರಲ್ಲಿ ಒಂದು ಸಲ ಆಕಸ್ಮಿಕವಾಗಿ ಬರಬಹುದಾದದ್ದು. ಎರಡನೆಯದು ಮೂವತ್ತು ಸಾವಿರಕ್ಕೂ ಹೆಚ್ಚು ಸಲದಲ್ಲಿ ಒಮ್ಮೆ. ಒಂದೇ ಆಕಾಶದ ಮೂರು ಪಟ್ಟಿಗಳು ಇಷ್ಟು ಬೇರೆ ಹೇಳುವಾಗ, ವೆಬ್ ಪ್ರಕರಣ ನೆನಪಿರುವ ಯಾರೇ ಆದರೂ ಮೊದಲು ಸಂಶಯಪಡುವುದು ಪಟ್ಟಿಯನ್ನೇ. ನಾನೂ ಸದ್ಯಕ್ಕೆ ಆ ಕಡೆಯೇ.

ಡೆಸಿಯ ಕೋಲೂ ಸೂಪರ್‌ನೋವಾದ ದೀಪವೂ ಬೇಡದ ಒಂದು ವಿಧಾನವಿದೆ, ಅದನ್ನು 1962ರಲ್ಲೇ ಆ್ಯಲನ್ ಸ್ಯಾಂಡೇಜ್ ಸೂಚಿಸಿದ್ದರು. ಒಂದೇ ಅನಿಲ ಮೋಡವನ್ನು ಇಂದು ನೋಡಿ, ಇಪ್ಪತ್ತು ವರ್ಷ ಬಿಟ್ಟು ಮತ್ತೆ ನೋಡುವುದು. ವಿಶ್ವದ ವೇಗ ಬದಲಾಗಿದ್ದರೆ ಗೆರೆಗಳ ಕೆಂಪು ಪಲ್ಲಟವೇ ಒಂದಿಷ್ಟು ಸರಿದಿರುತ್ತದೆ, ವೇಗದ ಲೆಕ್ಕದಲ್ಲಿ ದಶಕಕ್ಕೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಚಿಲಿಯ ಆರ್ಮಾಝೋನೆಸ್ ಬೆಟ್ಟದ ಮೇಲೆ ಏಳುತ್ತಿರುವ 39 ಮೀಟರ್ ಅಗಲದ ಇಎಲ್‌ಟಿ ದೂರದರ್ಶಕದ ಗುರಿಗಳ ಪಟ್ಟಿಯಲ್ಲಿ ಈ ಅಳತೆಯೂ ಇದೆ. ಇಂಥ ವಿಷಯವನ್ನು ಪಿಎಚ್‌ಡಿಗೆ ಕೊಡುವ ಮಾರ್ಗದರ್ಶಕರು ಸಿಗುವುದು ಮಾತ್ರ ಕಷ್ಟ: ಮೊದಲ ಓದನ್ನು ದಾಖಲಿಸಿದ ವಿದ್ಯಾರ್ಥಿ ಎರಡನೆಯದರ ಹೊತ್ತಿಗೆ ವಿಭಾಗದ ಮುಖ್ಯಸ್ಥನಾಗಿರುತ್ತಾನೆ.